ಹೂವು ಅವಳ ಪದ್ಯದವು, ಮುಖ ಬೇರೆಯವಳದು

"ನಿಲ್ಲಿ! ಆ ಸಾಲು ಇನ್ನೊಂದ್ಸಲ ಹೇಳಿ!"

ಫ್ಲಾರೆನ್ಸಿನ ಆರ್ನೋ ನದಿಯಲ್ಲಿ ಬಣ್ಣ ಹಾಕಿದ ಬಟ್ಟೆ ಜಾಲಿಸುತ್ತಿದ್ದ ಬಣ್ಣಗಾರನ ಮಗಳು ಡಿಯನೋರಾ ಬೆಚ್ಚಿ ತಲೆಯೆತ್ತಿದಳು. ದಡದ ಮೇಲೊಬ್ಬ ತರುಣ, ಕೆನ್ನೆಗೆಲ್ಲ ಹಸಿರು ಬಣ್ಣ ಮೆತ್ತಿಕೊಂಡಿದ್ದ.

"ಯಾಕ್ರೀ, ಮುಖ ತೊಳ್ಕೊಳ್ಳೋಕೆ ಪದ್ಯ ಬೇಕಾ?"

ಅವನು ನಕ್ಕುಬಿಟ್ಟ. ಹೆಸರು ವಾನ್ನಿ, ಚಿತ್ರಕಾರ. ಅವಳು ಗುನುಗುತ್ತಿದ್ದದ್ದು ಇನ್ನೂರು ವರ್ಷ ಹಳೆಯ ಪದ್ಯ, ಅಜ್ಜಿಯ ಬಾಯಿಂದ ಕಲಿತದ್ದು. ಪ್ರೇಮಿಯನ್ನು ಆಚೆ ದಡದಲ್ಲೇ ಬಿಟ್ಟು, ಹೂವಿನ ಬಯಲಲ್ಲಿ ಒಬ್ಬಳೇ ನಡೆದುಹೋಗುವ ಹೆಣ್ಣಿನ ಕಥೆ.

ಆ ಚಳಿಗಾಲವೆಲ್ಲ ಅವಳು ಪದ್ಯ ಹೇಳಿದಳು, ಅವನು ಚಿತ್ರ ಬರೆದ.

"ಅವಳ ಕೂದಲು ಗಾಳಿಗೆ ಹಾರ್ತಿತ್ತಾ?"

"ಹಾಗಂತ ಇಲ್ಲ. ಹೂಗಳು ಅವಳ ಕಡೆ ಬಾಗಿದ್ವು ಅಂತಿದೆ."

ಅವನು ಹೂಗಳನ್ನು ಬಾಗಿಸಿದ.

"ಮುಖ ಮಾತ್ರ ನಿಂದೇ, ಡಿಯನೋರಾ. ಬೇರೆ ಯಾರದ್ದೂ ಅಲ್ಲ!"

ವಸಂತದಲ್ಲಿ ಅವಳು ಅಪ್ಪನ ಜೊತೆ ಬಟ್ಟೆ ಕೊಡಲು ರೇಷ್ಮೆ ವ್ಯಾಪಾರಿ ಬಾಲ್ದೋ ಮನೆಗೆ ಹೋದಾಗ, ಅಲ್ಲಿ ನೆರೆದವರ ಮುಂದೆ, ಬಾಲ್ದೋ ವಾನ್ನಿಯಿಂದ ಬರೆಸಿದ್ದ ಆ ಚಿತ್ರದ ಪರದೆ ಸರಿಯಿತು. ವಾನ್ನಿ ಪಕ್ಕದಲ್ಲೇ ನಿಂತಿದ್ದ.

ಹೂಗಳು ಅವಳ ಪದ್ಯದವೇ. ಮುಖ... ವ್ಯಾಪಾರಿಯ ಹೊಸ ಹೆಂಡತಿಯದು!

"ಈ ಕಲ್ಪನೆ ಯಾರದಪ್ಪಾ?" ಬಾಲ್ದೋ ಕೇಳಿದ.

ವಾನ್ನಿ ಅವಳನ್ನು ನೋಡಿದ. ನೋಡಿಯೂ, "ನನ್ನದೇ, ಧಣಿ" ಎಂದ.

'ಮುಖ ಹೋಗಲಿ... ಅಜ್ಜಿಯ ಮಾತನ್ನೂ ಕದ್ದೆಯಾ?' ಎಂದುಕೊಂಡಳು ಡಿಯನೋರಾ.

ಸಂಜೆ ಅವನು ಅವಳ ಮನೆಗೆ ಓಡಿಬಂದ.

"ಮುಖ ಬದಲಾಯಿಸದಿದ್ರೆ ಕೆಲಸ ಇಲ್ಲ ಅಂದ್ರು ಧಣಿ. ಹೆದರಿದೆ."

"ನಂಗೆ ಹೇಳಿದ್ರೆ ನಾನೇ ಅಳಿಸು ಅಂತಿದ್ದೆ ಕಣೋ! ಅಷ್ಟು ಜನರೆದುರು ನನ್ನ ಕಂಡೂ ಕಾಣದ ಹಾಗೆ ನಿಂತ್ಯಲ್ಲ... ಅದಕ್ಕೇನು ಹೇಳ್ತೀಯ?"

ಅವಳು ಬಾಗಿಲು ಹಾಕಿಕೊಂಡಳು. ಬಾಗಿಲ ಹಿಂದೆ ಕುಸಿದು ಅತ್ತಳು. ಆಮೇಲೆ ಬಟ್ಟೆ ಜಾಲಿಸುವಾಗ ಪದ್ಯ ಹೇಳುವುದನ್ನೇ ಬಿಟ್ಟಳು.

ಬೇಸಿಗೆಯಲ್ಲಿ, ಊರಿನ ಪಾಲಕ ಸಂತ ಯೋಹಾನರ ಹಬ್ಬದಂದು ಫ್ಲಾರೆನ್ಸಿನ ಗಣ್ಯರೆಲ್ಲ ಆ ಚಿತ್ರ ನೋಡಲು ಬಾಲ್ದೋ ಮನೆಗೆ ಹೋಗಿದ್ದರು. ಸುದ್ದಿ ತಂದವನು ಅಪ್ಪ.

"ನಿನ್ನ ಚಿತ್ರಗಾರ ಎಲ್ಲರ ಮುಂದೆ ಬಾಯಿಬಿಟ್ಟನಂತೆ ಮಗಳೇ. 'ನಾನು ಸುಳ್ಳು ಹೇಳಿದ್ದೆ. ಬಣ್ಣಗಾರರ ಡಿಯನೋರಾ ಪದ್ಯ ಹೇಳದಿದ್ರೆ ಇಲ್ಲೊಂದು ಹೂವೂ ಇರ್ತಿರ್ಲಿಲ್ಲ' ಅಂದನಂತೆ. ಬಾಲ್ದೋ ಆಚೆ ದಬ್ಬಿಸಿದನಂತೆ."

"ಈಗೆಲ್ಲಿದ್ದಾನೆ?"

"ನಮ್ಮ ಬೀದಿಯಲ್ಲೇ ನಿಂತಿದ್ದಾನೆ. ಬಾಗಿಲು ತಟ್ಟೋ ಧೈರ್ಯ ಇಲ್ಲ ಪಾಪ."

ಅವಳು ಹೊರಗೆ ಬಂದಳು. ಎದೆಯ ಉರಿ ಇನ್ನೂ ಆರಿರಲಿಲ್ಲ.

"ಕ್ಷಮಿಸಿದೆ ಅಂದ್ಕೋಬೇಡ."

"ಇಲ್ಲ. ನಿನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಬಂದೆ. ಅಷ್ಟೇ."

ಅವಳ ಕಣ್ಣು ತುಂಬಿತು.

"ನಾನೂ ಪ್ರೀತಿಸ್ತೀನಿ... ಆದ್ರೆ ನಂಬೋಕೆ ಸಮಯ ಬೇಕು, ವಾನ್ನಿ."

"ಕಾಯ್ತೀನಿ."

"ಊಟ ಆಯ್ತಾ?"

"ಇಲ್ಲ..."

"ಕಾಳಿನ ಸಾರಿದೆ, ಬಾ. ಅಪ್ಪನ ಪಕ್ಕ ಕೂತ್ಕೋ. ನನ್ನ ಪಕ್ಕ ಅಲ್ಲ!"