ಕರಿಯಣ್ಣನಿಗಿಲ್ಲದ ಪಿತ್ತಕೋಶ

ವರದಿಯ ಎರಡನೇ ಸಾಲಿನಲ್ಲೇ ಡಾ. ಪ್ರಿಯದರ್ಶಿನಿ ತಡೆದು ನಿಂತರು. ‘ಪಿತ್ತಕೋಶ ಸಹಜವಾಗಿದೆ’ ಎಂದಿತ್ತು.

ಕರಿಯಣ್ಣನಿಗೆ ಪಿತ್ತಕೋಶವೇ ಇರಲಿಲ್ಲ.

ಕೆಳಗಿನ ಸಾಲು ಇನ್ನೂ ಕೆಟ್ಟದಾಗಿತ್ತು. ‘ಕ್ಯಾನ್ಸರ್ ಕಂಡುಬಂದಿಲ್ಲ.’

ಪ್ರಿಯದರ್ಶಿನಿ ಶಿವಮೊಗ್ಗದ ಒಂದು ಮೆಡಿಕಲ್ ಕಾಲೇಜಿನ ಪ್ರೊಫೆಸರ್. ಲಿವರ್ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅವರ ವಿಷಯ. ಬೆಳಿಗ್ಗೆ ಪಾಠ, ಆಮೇಲೆ ಕತ್ತರಿ. ಭದ್ರಾವತಿಯ ಕರಿಯಣ್ಣನಿಗೆ ಕ್ಯಾನ್ಸರ್ ಎಂದು ಮೇದೋಜೀರಕದ ತಲೆಭಾಗವನ್ನು ಅವರೇ ತೆಗೆದಿದ್ದರು. ಅದು ಜಾಡಿಯಲ್ಲಿ ಲ್ಯಾಬಿಗೆ ಹೋಗಿತ್ತು. ಲ್ಯಾಬ್ ಹೀಗೆ ಹೇಳಿತ್ತು.

ಮನೆಯವರು ‘ಸುಮ್ಮಸುಮ್ಮನೆ ಕೊಯ್ದರು’ ಎಂದು ದೂರು ಕೊಟ್ಟರು. ರೋಗಿಗಿಲ್ಲದ ಪಿತ್ತ ಡೈರೆಕ್ಟರ ನೆತ್ತಿಗೇರಿತು. ಲಿವರ್ ಡಾಕ್ಟರನ್ನು ಲೀವ್ ಮೇಲೆ ಕಳಿಸಿದರು. ವಿಚಾರಣಾ ಸಮಿತಿಯೂ ಹೂಂ ಎಂದರೆ ಆಕೆ ಮತ್ತೆ ಆಪರೇಷನ್ ಮಾಡುವಂತಿಲ್ಲ.

ಪ್ರಿಯದರ್ಶಿನಿ ಪೊಲೀಸ್ ಠಾಣೆಗೆ ಹೋದರು. “ಜಾಡಿ ಬದಲಾಗಿದೆ,” ಎಂದರು. “ನಾನು ತೆಗೆದದ್ದು ಇದಲ್ಲ.”

ಇನ್ಸ್‌ಪೆಕ್ಟರ್ ಮಂಜುಶ್ರೀ ಮೂಗಿನ ಮೇಲಿಲ್ಲದ ಕನ್ನಡಕ ಕೆಳಗಿಳಿಸಿ, ಗಂಟಲು ದಪ್ಪ ಮಾಡಿದರು. “‘ಎಲ್ಲಾ ಸರ್ಜನ್‌ಗಳೂ ಹೀಗೇ ಹೇಳೋದಮ್ಮಾ!’ ಅಂದ್ರಾ ನಿಮ್ಮ ಡೈರೆಕ್ಟರ್?”

ಆ ಸ್ಥಿತಿಯಲ್ಲೂ ಪ್ರಿಯದರ್ಶಿನಿಗೆ ನಗು ಬಂತು. “ಥೇಟ್ ಹಾಗೇ.”

“ಜಾಡಿ ಲ್ಯಾಬಿಗೆ ಒಯ್ದವರು?”

“ನನ್ನ ಅಸಿಸ್ಟೆಂಟ್ ವಸಂತ್.”

“ನೀವು ಹೋದ್ರೆ ಕುರ್ಚಿ ಯಾರಿಗೆ?”

“ವಸಂತ್‌ಗೆ. ಇಲ್ಲಾ ದುಶ್ಯಂತ್‌ಗೆ. ದುಶ್ಯಂತ್ ಕೂಡ ಸರ್ಜನ್ನೇ. ಈಗ ಥಿಯೇಟರಿಗೆ ಬರೋದು ಕಡಿಮೆ. ಕಾಲೇಜಿನ ಮ್ಯೂಸಿಯಂ ನೋಡ್ಕೋತಾರೆ. ಜಾಡಿಗಳಲ್ಲಿಟ್ಟ ಅಂಗ ತೋರಿಸಿ ಪಾಠ ಮಾಡ್ತಾರೆ.”

* * *

ವಸಂತ್ ಮುಚ್ಚುಮರೆ ಮಾಡಲಿಲ್ಲ.

“ಜಾಡಿ ನಾನೇ ಒಯ್ದೆ ಮೇಡಂ. ಲ್ಯಾಬಲ್ಲಿ ಯಾರೂ ಇರ್ಲಿಲ್ಲ. ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ.”

“ಪ್ರಿಯದರ್ಶಿನಿ ಮೇಲೆ ಸಿಟ್ಟಿದೆಯಂತೆ?”

“ಇದೆ. ಹೊಲಿಗೆ ಗಂಟು ಸಡಿಲ ಆದ್ರೆ ಎಲ್ಲರೆದುರಿಗೇ ಬೈತಾರೆ.”

“ಅವರ ಕುರ್ಚಿ ಬೇಕಾ?”

“ಯಾರಿಗೆ ಬೇಡ ಹೇಳಿ?”

ಹೊರಗೆ ಬಂದೊಡನೆ ಜೀಪಿನ ಡ್ರೈವರ್ ಕೇಸ್ ಮುಗಿಸಿಬಿಟ್ಟ. “ಇವನೇ ಮೇಡಂ. ಮುಖದಲ್ಲೇ ಬರೆದಿದೆ.”

“ಡಾಕ್ಟರ ಬರವಣಿಗೆ ಮಾರಾಯ,” ಎಂದರು ಮಂಜುಶ್ರೀ. “ಅಷ್ಟು ಸುಲಭಕ್ಕೆ ಓದಕ್ಕಾಗಲ್ಲ. ಭದ್ರಾವತಿಗೆ ನಡಿ.”

* * *

“ಕ್ಯಾನ್ಸರ್ರೇ ಇಲ್ವಂತೆ!” ಕಾಫಿ ಲೋಟ ಕುಕ್ಕಿದರು ಕರಿಯಣ್ಣನ ಹೆಂಡತಿ ಪುಷ್ಪಮ್ಮ. “ಹಲಸಿನಹಣ್ಣು ಬಿಡಿಸಿದಂಗೆ ಬಿಡಿಸಿ ಹಾಕಿದ್ರಲ್ಲ ಇವರನ್ನ!”

ಮಂಚದ ಮೇಲಿಂದ ಕರಿಯಣ್ಣ ಹೇಳಿದರು, “ಮೆಲ್ಲಗೆ ಮಾರಾಯ್ತಿ. ನೀನು ಕಿರುಚಿದ್ರೆ ನನ್ನ ಹೊಲಿಗೆ ಎಳೆಯುತ್ತೆ.”

ಮಂಜುಶ್ರೀ ಶೋಕೇಸ್ ನೋಡುತ್ತಿದ್ದರು. ಗಾಜನೂರು ಡ್ಯಾಮಿನೆದುರು ತೆಗೆಸಿದ ಫೋಟೊ ಪಕ್ಕ ಪುಟ್ಟ ಬಾಟಲಿ. ಒಳಗೆ ಹುಣಸೆಬೀಜದಂಥ ಕಲ್ಲುಗಳು.

“ಇವರ ಪಿತ್ತದ ಕಲ್ಲು,” ಎಂದರು ಪುಷ್ಪಮ್ಮ. “ಹಿಂದೆ ಇಲ್ಲೇ ಚೀಲ ತೆಗೆಸಿದ್ವಿ. ಡಾಕ್ಟ್ರು ಕಲ್ಲು ಕೈಗೇ ಕೊಟ್ಟಿದ್ರು.”

“ಈ ಸಲಾನೂ ತೆಗೆದದ್ದನ್ನ ತೋರಿಸಿದ್ರಾ?”

“ತೋರಿಸ್ದೆ ಬಿಡ್ತಾರಾ? ಥಿಯೇಟರ್ ಬಾಗಿಲಿಗೇ ಟ್ರೇ ತಂದ್ರು. ವಸಂತ್ ಡಾಕ್ಟ್ರು ಹಿಡ್ಕೊಂಡಿದ್ರು. ಪಿತ್ತದ ಚೀಲ ಎಲ್ಲಿ ಅಂತ ನಾನೇ ಕೇಳ್ದೆ. ‘ಅದು ಆಗ್ಲೇ ತೆಗ್ಸಿದೀರಲ್ಲ ಅಮ್ಮಾ’ ಅಂತ ನಕ್ಕರು.”

“ದುಶ್ಯಂತ್ ಡಾಕ್ಟ್ರು ಇದ್ರಾ?”

“ಅವರ್ಯಾರು?”

ಮಂಜುಶ್ರೀ ಕಾಫಿ ಮುಗಿಸಿ ಎದ್ದರು.

* * *

ಮ್ಯೂಸಿಯಂನಲ್ಲಿ ಡೈರೆಕ್ಟರ್, ಪ್ರಿಯದರ್ಶಿನಿ, ವಸಂತ್, ದುಶ್ಯಂತ್ ನಾಲ್ವರೂ ಸೇರಿದ್ದರು. ಮಂಜುಶ್ರೀ ಮೇದೋಜೀರಕದ ಜಾಡಿಗಳ ಸಾಲಿನ ಮುಂದೆ ನಿಂತರು.

“ದುಶ್ಯಂತ್ ಸರ್, ಈ ಆಪರೇಷನ್ನಲ್ಲಿ ಪಿತ್ತಕೋಶಾನೂ ತೆಗೀತಾರಾ?”

“ಯಾವಾಗಲೂ. ಯಾವ ಪುಸ್ತಕ ಬೇಕಾದ್ರೂ ತೆಗೆದು ನೋಡಿ.”

“ಈ ಜಾಡೀಲಿ ಎಲ್ಲಿದೆ?”

ಜಾಡಿಗೆ ಅಂಟಿಸಿದ್ದ ಚೀಟಿಯಲ್ಲಿ ‘ಪಿತ್ತಕೋಶ’ ಎಂದು ಬಾಣ ಹಾಕಿತ್ತು. ಬಾಣದ ತುದಿಯಲ್ಲಿ ಏನೂ ಇರಲಿಲ್ಲ.



“ವಸಂತ್ ಮೇಲೆ ನನಗೂ ಅನುಮಾನ ಇತ್ತು,” ಎಂದರು ಮಂಜುಶ್ರೀ. “ಆದ್ರೆ ಟ್ರೇ ಹಿಡಿದವರು ಅವರೇ. ಪಿತ್ತಕೋಶ ಇಲ್ಲ ಅಂತ ಗೊತ್ತಿತ್ತು. ಅವರು ಬದಲಾಯಿಸಿದ್ರೆ ಬದಲಿ ಅಂಗದಿಂದ ಪಿತ್ತಕೋಶ ಕತ್ತರಿಸಿಯೇ ಇಡ್ತಿದ್ರು. ಇದನ್ನ ಮಾಡಿದವರಿಗೆ ಆಪರೇಷನ್ ಗೊತ್ತು, ಕರಿಯಣ್ಣ ಗೊತ್ತಿಲ್ಲ. ಪುಸ್ತಕದಲ್ಲಿರೋ ಥರಾನೇ ಪಿತ್ತಕೋಶ ಇರೋ ಒಂದು ಹಳೇ ಅಂಗ ಆರಿಸಿದ್ರು. ಬರೀ ಊತ ಇದ್ದದ್ದು, ಕ್ಯಾನ್ಸರ್ ಇಲ್ಲದ್ದು. ವಸಂತ್ ಊಟಕ್ಕೆ ಹೋದಾಗ ಬದಲಾಯಿಸಿದ್ರು. ಇಲ್ಲಿ ಜಾಡಿ ಖಾಲಿ ಇದ್ರೆ ಹುಡುಗರು ಕೇಳ್ತಾರಲ್ಲ? ಅದಕ್ಕೇ ಕರಿಯಣ್ಣನದ್ದನ್ನ ಇಲ್ಲಿಟ್ರು. ಈ ಕೋಣೆ ಬೀಗದ ಕೈ ಯಾರ ಹತ್ರ ಇರುತ್ತೆ ಸರ್?”

ದುಶ್ಯಂತ್ ಜೇಬು ಮುಟ್ಟಿಕೊಂಡರು. “ಆ ಕುರ್ಚಿ ನನಗೆ ಬರಬೇಕಿತ್ತು,” ಎಂದರು.

ಕುರ್ಚಿ ಸಿಕ್ಕಿತು. ಠಾಣೆಯಲ್ಲಿ.

* * *

ಜಾಡಿಯಲ್ಲಿದ್ದದ್ದು ಕರಿಯಣ್ಣನದ್ದೇ ಎಂದು ಡಿಎನ್‌ಎ ಹೇಳಿತು. ಹೊಸ ವರದಿ ಬಂತು. ಸಮಿತಿ ದೂರನ್ನು ತಳ್ಳಿಹಾಕಿತು. ಪ್ರಿಯದರ್ಶಿನಿ ಥಿಯೇಟರಿಗೆ ಹೋಗಲಿಲ್ಲ. ಮೊದಲು ಭದ್ರಾವತಿಗೆ ಹೋದರು.

“ಹಂಗಾದ್ರೆ ಇತ್ತಾ?” ಪುಷ್ಪಮ್ಮನ ದನಿ ಇಳಿದಿತ್ತು.

“ಇತ್ತಮ್ಮ. ಪೂರ್ತಿ ತೆಗೆದಿದ್ದೀನಿ, ಅಂಚಲ್ಲಿ ಏನೂ ಉಳಿದಿಲ್ಲ. ಆದ್ರೂ ಕೀಮೋ ಕೊಡಬೇಕು. ಈ ಗಲಾಟೇಲಿ ಆಗ್ಲೇ ತಡ ಆಗಿದೆ.”

ಕರಿಯಣ್ಣ ಮಂಚದ ಮೇಲೆ ಎದ್ದು ಕೂತರು. “ನೀವೇ ಗೆದ್ರಲ್ಲ ಡಾಕ್ಟ್ರೇ. ಖುಷಿನಾ?”

“ನಾನು ಸೋತಿದ್ರೇ ಚೆನ್ನಾಗಿತ್ತು ಕರಿಯಣ್ಣ.”

ಕರಿಯಣ್ಣ ಹೆಂಡತಿಯ ಕಡೆ ತಿರುಗಿದರು. “ಇವಳೇ, ನನ್ನ ಬಟ್ಟೆ ಬ್ಯಾಗಿಗೆ ತುಂಬು. ಇವತ್ತೇ ಹೋಗಣ.”