ನಾಲ್ಕೂವರೆ ಮಿಲಿಮೀಟರಿನ ಅನುಮಾನ

"ಕೈ ತೆಗೀರಿ! ನನ್ನ ರೈಫಲ್ ಮೇಲಿಂದ ಕೈ ತೆಗೀರಿ ಅಂದೆ!"

ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ ಒಳಗಿದ್ದವನು ಬೆಚ್ಚಿಬಿದ್ದ.

ಗುರುವಾರ ಮಧ್ಯಾಹ್ನ, ಶೂಟಿಂಗ್ ಕ್ಲಬ್ಬಿನ ಹಿಂಬದಿಯ ಕೋಣೆ ಅದು. ಉದ್ದನೆಯ ಮೇಜು, ಮೇಜಿಗೆ ಬಿಗಿದ ಕಬ್ಬಿಣದ ವೈಸ್, ಆ ವೈಸಿನ ಹಿಡಿತದಲ್ಲಿ ಅಲುಗಾಡದೆ ಮಲಗಿದ್ದ ಅವಳ ಏರ್ ರೈಫಲ್! ಹತ್ತು ಮೀಟರ್ ಆಚೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗುಂಡಿನ ಗುರುತು ಬಿದ್ದಿತ್ತು.

ಅವನು ಕ್ಲಬ್ಬಿನ ರಿಪೇರಿಯವನು. ಎಲ್ಲರೂ ಕರೆಯುವುದು 'ಅಳತೆಗಾರ' ಅಂತ. ಎಂಟು ತಿಂಗಳಿಂದ ದಿನವೂ ಎದುರಾಗುತ್ತಿದ್ದರೂ ಇಬ್ಬರ ನಡುವೆ ಇದುವರೆಗೆ 'ಹ್ಞೂಂ', 'ಊಹ್ಞೂಂ' ಬಿಟ್ಟು ಬೇರೆ ಮಾತು ಹುಟ್ಟಿರಲಿಲ್ಲ.

"ಇನ್ನು ನಾಲ್ಕು ಗುಂಡು ಬಾಕಿ ಇದೆ. ಹೊಡೆದು ಮುಗಿಸಿ ಎಲ್ಲ ಹೇಳ್ತೀನಿ," ಎಂದ ಮೆಲ್ಲಗೆ.

ಎಂಥಾ ಧೈರ್ಯ! ಸಿಕ್ಕಿಬಿದ್ದ ಮೇಲೂ ಮುಗಿಸಿಯೇ ಹೇಳ್ತಾನಂತೆ!

ಆಗ ಅವಳ ಕಣ್ಣು ಮೇಜಿನ ಮೇಲಿನ ದುಂಡು ಡಬ್ಬಿಯ ಮೇಲೆ ಬಿತ್ತು. ಸೀಸದ ಪೆಲೆಟ್ ಗುಂಡುಗಳ ಡಬ್ಬಿ. ಮುಚ್ಚಳದ ಮೇಲೆ 4.52 ಮಿಲಿಮೀಟರ್ ಎಂಬ ಅಳತೆ, ಪಕ್ಕದಲ್ಲೇ ಒಂದು ಸಹಿ. ಅದು ಉದ್ದಜಡೆಯ ಸಹಿ!

ಉದ್ದಜಡೆ ಅಂದರೆ ಕ್ಲಬ್ಬಿನಲ್ಲಿ ಅವಳಿಗಿರುವ ದೊಡ್ಡ ಪ್ರತಿಸ್ಪರ್ಧಿ. ಈ ಭಾನುವಾರ ಆಯ್ಕೆ ಪಂದ್ಯ. ತಂಡದಲ್ಲಿ ಉಳಿದಿರುವುದು ಎರಡೇ ಜಾಗ, ಕಣ್ಣಿಟ್ಟವರು ಹನ್ನೊಂದು ಮಂದಿ. ಈ ಸಲ ಆಗದಿದ್ದರೆ ಕ್ಲಬ್ಬು ಅವಳ ಜಾಗವನ್ನು ಚಿಕ್ಕವರಿಗೆ ಬಿಟ್ಟುಕೊಡುತ್ತದೆ ಎಂದು ಕಾರ್ಯದರ್ಶಿ ಮುಖಕ್ಕೇ ಹೇಳಿಯಾಗಿತ್ತು.

"ನನ್ನ ರೈಫಲ್ಲಿಗೆ ಅವಳ ಗುಂಡು ಯಾಕೆ ಹಾಕಿದ್ರಿ?"

"ಅದು... ಪೂರ್ತಿ ಖಚಿತ ಆಗ್ಲಿ ಅಂತ..."

"ನನಗೆ ಖಚಿತ ಆಯ್ತು ಬಿಡಿ!"

ವೈಸ್ ಸಡಿಲಿಸಿ, ರೈಫಲ್ ಎತ್ತಿಕೊಂಡು ಹೊರಟೇಬಿಟ್ಟಳು. ಅವನು ಹಿಂದೆ ಬರಲಿಲ್ಲ. ಬರಬಾರದಿತ್ತಾ ಎಂದು ಮನಸ್ಸಿನ ಮೂಲೆಯಲ್ಲೊಂದು ಆಸೆ ಇಣುಕಿತು. ಅದರ ಮೇಲೂ ಅವಳಿಗೆ ಸಿಟ್ಟು ಬಂತು.

ಈ ಹುಡುಗಿ ಹುಟ್ಟಾ ಅನುಮಾನದವಳಲ್ಲ. ಎರಡು ವರ್ಷದ ಹಿಂದೆ ಜೀವದ ಗೆಳತಿಯೊಬ್ಬಳು ಪಂದ್ಯ ಹನ್ನೊಂದಕ್ಕೆ ಎಂದಳು. ಇವಳು ನಂಬಿದಳು. ಪಂದ್ಯ ಒಂಬತ್ತಕ್ಕೇ ಶುರುವಾಗಿತ್ತು. ಅಂದಿನಿಂದ ಗಡಿಯಾರ ಎಷ್ಟು ಗಂಟೆ ತೋರಿಸಿದರೂ ಇನ್ನೊಂದು ಗಡಿಯಾರ ನೋಡುವವಳಾದಳು. ಕೆಲಸವೂ ಅಂಥದ್ದೇ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಅಲ್ಲಿ ಚೀಟಿ ಇಲ್ಲದ ಸೀಸೆಗೆ ಬೆಲೆಯೇ ಇಲ್ಲ.

ಅಂಥವಳು ಕೂಡ ಈ ಒಬ್ಬನ ವಿಷಯದಲ್ಲಿ ಸ್ವಲ್ಪ ಮೆತ್ತಗಾಗಿದ್ದಳು. ಅವಳು ಅಭ್ಯಾಸಕ್ಕೆ ನಿಲ್ಲುವ ಹೊತ್ತಿಗೆ ಸರಿಯಾಗಿ ಪಕ್ಕದ ಕಿಟಕಿಯ ಪರದೆ ಇಳಿದಿರುತ್ತಿತ್ತು, ಬಿಸಿಲು ಕಣ್ಣಿಗೆ ಹೊಡೆಯದಂತೆ. ಇಳಿಸುವವನು ಅವನೇ ಎಂದು ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದಳು, ಅಷ್ಟೇ.

ಮನೆಯಲ್ಲಿ ಅಜ್ಜಿ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಂಡಳು.

"ಅಲ್ವೇ, ಆ ಗುಂಡು ಬದಲಾದ್ರೆ ಏನಾಗತ್ತೆ? ಎಲ್ಲಾ ಒಂದೇ ಸೀಸ ತಾನೆ?"

"ಇಲ್ಲ ಅಜ್ಜಿ. ಒಂದೊಂದು ನಳಿಗೆಗೂ ಒಂದೊಂದು ಅಳತೆ ಒಗ್ಗತ್ತೆ. ನಂದಕ್ಕೆ 4.50. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ಸಡಿಲ ಚಪ್ಪಲಿ ಹಾಕ್ಕೊಂಡು ಓಡಿದ ಹಾಗೆ. ಗುಂಡು ಎಲ್ಲಿಗೋ ಹೋಗತ್ತೆ. ಆರು ತಿಂಗಳಿಂದ ಅಂಕ ಬೀಳ್ತಾ ಇದೆ ಅಂತ ಅಳ್ತಿದ್ದೆನಲ್ಲ, ನನ್ನ ಕೈಯೇ ಹೋಯ್ತು ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು, ನನ್ನ ಡಬ್ಬೀಲಿ ಬೇರೆ ಗುಂಡು ಬೆರೆಸ್ತಿರೋದು ಯಾರ ಕೈವಾಡ ಅಂತ!"

"ಹಾಲು ಕುಡಿದು ಬಾಯಿ ಸುಟ್ಕೊಂಡೋಳು ಮಜ್ಜಿಗೇನೂ ಊದಿ ಕುಡೀತಾಳೆ," ಅಜ್ಜಿ ನಕ್ಕಳು. "ಊದು, ಬೇಡ ಅನ್ನಲ್ಲ. ಆದ್ರೆ ಊದಿದ ಮೇಲೆ ಕುಡಿದೂ ನೋಡು."

ಸಂಜೆ ರೈಫಲ್ಲನ್ನು ಕ್ಲಬ್ಬಿನ ಕಪಾಟಿಗೆ ಒಪ್ಪಿಸಲು ಹೋದಾಗ ಅನುಮಾನ ಇನ್ನೂ ಗಟ್ಟಿಯಾಯಿತು. ಗಾಜಿನ ಬಾಗಿಲಾಚೆ ಅವನೂ ಉದ್ದಜಡೆಯೂ ತಲೆ ತಗ್ಗಿಸಿ ಮಾತಾಡುತ್ತಿದ್ದರು.

"ಇವತ್ತು ಅವರಿಗೆ ಏನೂ ಹೇಳ್ಬೇಡಿ," ಅವನ ದನಿ.

"ಎಷ್ಟು ದಿನ ಮುಚ್ಚಿಡ್ತೀರಿ?" ಉದ್ದಜಡೆ ಕೇಳಿದಳು.

ಅವಳ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಮೋಸ ಮಾಡಿದ್ದಕ್ಕಾ? ಅಲ್ಲ... ಮೋಸ ಮಾಡಿದವನು *ಅವನು* ಆಗಿದ್ದಕ್ಕೆ!

ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಶುಕ್ರವಾರ ಬೆಳಗ್ಗೆ, ಕ್ಲಬ್ಬಿನ ಬೀಗ ತೆಗೆಯುವ ಹೊತ್ತಿಗೇ ಆ ಕೋಣೆಯಲ್ಲಿ ಹಾಜರಾದಳು. ಜೊತೆಯಲ್ಲಿ ಲ್ಯಾಬಿನ ಎರಡು ಪುಟ್ಟ ಬಿಳಿ ಲೋಟಗಳು.

"ಒಂದರಲ್ಲಿ ನನ್ನ 4.50. ಇನ್ನೊಂದರಲ್ಲಿ ಉದ್ದಜಡೆಯ 4.52, ಅವಳ ಹತ್ರ ಕೇಳಿ ತಂದಿದೀನಿ. ಯಾವುದು ಯಾವುದು ಅಂತ ತಳದಲ್ಲಿ ಬರೆದಿದೆ, ನೀವು ನೋಡೋ ಹಾಗಿಲ್ಲ. ಕಣ್ಣು ಮುಚ್ಚಿ ಲೋಟ ಜರುಗಿಸಿದೀನಿ, ಈಗ ನನಗೂ ಗೊತ್ತಿಲ್ಲ. ವೈಸಿಗೆ ಬಿಗೀರಿ. ಟ್ರಿಗರ್ ನಾನೇ ಎಳೀತೀನಿ. ನಿಮ್ಮ ಕೈಚಳಕ ಇದ್ರಲ್ಲಿ ನಡೆಯಲ್ಲ!"

ಉದ್ದಜಡೆ ಕೇಳಿದ ಕೂಡಲೇ ಡಬ್ಬಿ ಕೊಟ್ಟಿದ್ದು ಅವಳಿಗೆ ವಿಚಿತ್ರ ಅನಿಸಿತ್ತು. ಈ ಕ್ಲಬ್ಬಿನಲ್ಲಿ ವಯಸ್ಸು ಕೇಳಬಹುದು, ಸಂಬಳ ಕೇಳಬಹುದು, ಪೆಲೆಟ್ ಅಳತೆಯನ್ನು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ!

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಇದು ಒಳ್ಳೇ ಪದ್ಧತಿ," ಎಂದು ಸುಮ್ಮನೆ ರೈಫಲ್ ಬಿಗಿದ.

ಮೊದಲ ಲೋಟದಿಂದ ಹತ್ತು ಗುಂಡು. ವೈಸ್ ಹಿಡಿದಿದ್ದರಿಂದ ಕೈ ನಡುಗುವ ಪ್ರಶ್ನೆಯೇ ಇಲ್ಲ. ಆದರೂ ತೂತುಗಳು ಅತ್ತಿತ್ತ ಹರಡಿ ಹೆಬ್ಬೆರಳಿನ ಉಗುರಿನಗಲ ಆದವು.

ಎರಡನೇ ಲೋಟ. ಹತ್ತು ಗುಂಡು. ಹಾಳೆಯಲ್ಲಿ ಒಂದೇ ತೂತು! ಹತ್ತೂ ಗುಂಡು ಒಂದೇ ಬಾಗಿಲಿಂದ ಒಳಗೆ ಹೋಗಿದ್ದವು.

ಗೆದ್ದೆ ಎಂದುಕೊಂಡೇ ಅವಳು ಎರಡನೇ ಲೋಟ ತಿರುಗಿಸಿದಳು.

4.52.

"ಇಲ್ಲ... ಸಾಧ್ಯಾನೇ ಇಲ್ಲ. ಈ ರೈಫಲ್ ಕೊಂಡಾಗ ಕೊಟ್ಟ ಕಾರ್ಡಿನಲ್ಲೇ 4.50 ಅಂತಿದೆ!"

"ಕಾರ್ಡು ಸುಳ್ಳಲ್ಲ," ಅವನು ಗೋಡೆಗೆ ಒರಗಿದ. ಮುಖ ಬಾಡಿತ್ತು. "ಆದ್ರೆ ಇದು ಆ ನಳಿಗೆ ಅಲ್ಲ."

"ಅಂದ್ರೆ?"

"ಆರು ತಿಂಗಳ ಹಿಂದೆ ಎರಡು ರೈಫಲ್ ಒಟ್ಟಿಗೆ ಬಿಚ್ಚಿದ್ದೆ. ನಿಮ್ಮದು, ಉದ್ದಜಡೆಯದು. ಒಂದೇ ಮಾದರಿ. ಎರಡೂ ನಳಿಗೆ ಒರೆಸಿ ಪಕ್ಕಪಕ್ಕ ಇಟ್ಟೆ. ಚೀಟಿ ಅಂಟಿಸ್ಲಿಲ್ಲ. ಜೋಡಿಸುವಾಗ... ಅದಲು ಬದಲು ಮಾಡಿಬಿಟ್ಟೆ."

ಅವಳು ಬಗ್ಗಿ ನಳಿಗೆಯ ತುದಿ ನೋಡಿದಳು.

"ನಿಮ್ಮ ನಳಿಗೆ ತುದೀಲಿ ಸಣ್ಣ ಗೀರು ಇತ್ತು. ಬುಧವಾರ ಆ ಗೀರು ಅವರ ರೈಫಲ್ಲಲ್ಲಿ ಕಂಡೆ. ಅವರು ಎದುರಿಗೇ ಇದ್ರು, ಹೇಳಿಬಿಟ್ಟೆ. ಅಷ್ಟು ಹೊತ್ತಿಗೆ ಆಯ್ಕೆ ಸಮಿತಿಯವರು ಎಲ್ಲ ರೈಫಲ್ಲಿಗೂ ಸೀಲ್ ಒತ್ತಿ ಹೋಗಿದ್ರು. ಪಂದ್ಯ ಮುಗಿಯೋವರೆಗೆ ನಳಿಗೆ ಮುಟ್ಟೋ ಹಾಗಿಲ್ಲ. ಬದಲಾಯಿಸೋಕೆ ಸಾಧ್ಯ ಇರೋದು ಗುಂಡು ಮಾತ್ರ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ತಪ್ಪು ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ಮೂರು ದಿನ ಇರುವಾಗ ಬರೀ ಭಯ ಹುಟ್ಟಿಸಿ ಕೈಬಿಡೋದಾ? ಪರೀಕ್ಷೆ ಮುಗಿಸಿ, ದಾರಿ ಸಮೇತ ಹೇಳೋಣ ಅಂತಿದ್ದೆ. ನಾಲ್ಕು ಗುಂಡು ಬಾಕಿ ಇರುವಾಗ ನೀವು ಬಂದ್ರಿ."

ಅವಳ ಕಣ್ಣು ತುಂಬಿ ಬಂತು. ದುಃಖಕ್ಕಿಂತ ಕೋಪಕ್ಕೆ.

"ಆರು ತಿಂಗಳು! ಆರು ತಿಂಗಳು ನನ್ನ ಕೈ, ನನ್ನ ಕಣ್ಣು, ನನ್ನ ಉಸಿರು, ಎಲ್ಲವನ್ನೂ ಬೈದಿದೀನಿ ನಾನು! ಬೇರೆಯವರ ಮೇಲೆ ಅನುಮಾನ ಪಡೋದು ಸುಲಭ ರೀ. ನಮ್ಮ ಮೇಲೆ ನಮಗೇ ಅನುಮಾನ ಬಂದ್ರೆ ರಾತ್ರಿ ನಿದ್ದೆ ಹತ್ತಲ್ಲ!"

"ಗೊತ್ತು."

"ನಿಮಗೇನು ಗೊತ್ತು?"

"ನೀವು ಗುಂಡು ಹೊಡೆಯೋ ಮೊದಲು ಎರಡು ಸಲ ಉಸಿರು ಬಿಡ್ತಿದ್ರಿ. ಈಚೆಗೆ ನಾಲ್ಕು ಸಲ ಬಿಡ್ತೀರಿ. ದಿನಾ ನೋಡ್ತಿದ್ದೆ. ಕಾರಣ ನಾನೇ ಅಂತ ಗೊತ್ತಿರಲಿಲ್ಲ."

ಇವನು ಎಣಿಸುತ್ತಿದ್ದನಾ... ನನ್ನ ಉಸಿರನ್ನ?

"ಉದ್ದಜಡೆಯ ಅಂಕಾನೂ ಬಿದ್ದಿದೆ," ಅವನೇ ಮುಂದುವರಿಸಿದ. "ನೀವು ಗಮನಿಸಿಲ್ಲ. ಕಾರ್ಯದರ್ಶಿಗೆ ನಿನ್ನೆಯೇ ಎಲ್ಲ ಬರೆದು ಕೊಟ್ಟೆ. ಭಾನುವಾರದ ಪಂದ್ಯ ಮುಗಿದ ಮೇಲೆ ನನ್ನ ಕೆಲಸ ಇರಲ್ಲ."

ಬರೆದು ಕೊಟ್ಟನಾ? ಯಾರೂ ಕೇಳದೆ? ಕಳ್ಳನಾಗಿದ್ದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತಲ್ಲ! ಅವನ ವಿರುದ್ಧ ಕಟ್ಟಿದ್ದ ಮೊಕದ್ದಮೆ ಒಂದೊಂದೇ ಇಟ್ಟಿಗೆಯಾಗಿ ಉದುರುತ್ತಿತ್ತು. ಆದರೆ ಕ್ಷಮಿಸಲೂ ಮನಸ್ಸಾಗಲಿಲ್ಲ. ರೈಫಲ್ ಬಿಚ್ಚಿಕೊಂಡು ಹೊರಟಳು.

ಹೊರಗೆ ಉದ್ದಜಡೆ ಕಾಯುತ್ತಿದ್ದಳು, ಕೈಯಲ್ಲಿ ಮೂರು ಡಬ್ಬಿ.

"ಇಷ್ಟೇ ಇರೋದು. ನಿನ್ನ 4.50 ನನಗೆ ಕೊಡು, ನಂದು ನೀನು ಇಟ್ಕೋ."

"ಇದ್ರಲ್ಲಿ ಏನೂ ಬೆರೆಸಿಲ್ಲ ತಾನೆ?" ಬಾಯಿ ತಪ್ಪಿ ಬಂದೇಬಿಟ್ಟಿತು.

"ಅಯ್ಯೋ ಮಾರಾಯ್ತಿ! ನಾನೂ ಅದನ್ನೇ ಕೇಳೋಣ ಅಂತಿದ್ದೆ, ನೀನು ಮೊದಲು ಕೇಳಿದೆ!"

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಆಮೇಲೆ ನಗು ತಡೆಯಲಾಗಲಿಲ್ಲ.

ಭಾನುವಾರ ಅರವತ್ತು ಗುಂಡಿನ ಪಂದ್ಯ. ಮೊದಲ ಹತ್ತು ಗುಂಡಿನಲ್ಲಿ ಹಳೇ ಭಯ ಹೆಗಲ ಮೇಲೇ ಕೂತಿತ್ತು. ಗುಂಡು ನಡುವಿನಿಂದ ಜಾರಿತು. ಅದು ನಳಿಗೆಯ ತಪ್ಪಲ್ಲ, ಈ ಸಲ ನಿಜವಾಗಿಯೂ ಅವಳದೇ. ಅಷ್ಟು ಗೊತ್ತಾದದ್ದೇ ಅವಳಿಗೆ ಸಮಾಧಾನ ತಂದಿತು! ತನ್ನ ತಪ್ಪಾದರೆ ತಾನು ತಿದ್ದಿಕೊಳ್ಳಬಹುದಲ್ಲ... ರೈಫಲ್ ಇಳಿಸಿ ಕಣ್ಣು ಮುಚ್ಚಿದಳು. ಮತ್ತೆ ಎತ್ತಿದಾಗ ಎರಡೇ ಸಲ ಉಸಿರು ಬಿಟ್ಟಳು.

ಫಲಕದಲ್ಲಿ ಉದ್ದಜಡೆ ಮೊದಲು. ಅವಳು ಎರಡನೆಯವಳು. ಮೂರನೆಯವಳಿಗಿಂತ ಕೇವಲ ಸೊನ್ನೆ ಪಾಯಿಂಟ್ ಎರಡು ಹೆಚ್ಚು!

ಎಲ್ಲರೂ ಬೆನ್ನು ತಟ್ಟುತ್ತಿದ್ದರು. ಅವಳ ಕಣ್ಣು ಮಾತ್ರ ಒಬ್ಬನನ್ನೇ ಹುಡುಕುತ್ತಿತ್ತು. ಆ ಗುಂಪಿನಲ್ಲಿ ಅವನಿರಲಿಲ್ಲ.

ಹಿಂಬದಿಯ ಕೋಣೆಯಲ್ಲಿ ಅವನು ತನ್ನ ಉಪಕರಣಗಳನ್ನು ಮರದ ಪೆಟ್ಟಿಗೆಗೆ ತುಂಬುತ್ತಿದ್ದ. ಗೋಡೆಯ ಮೊಳೆಗಳೆಲ್ಲ ಬರಿದಾಗಿದ್ದವು.

"ಗೆದ್ದೆ," ಎಂದಳು ಬಾಗಿಲಲ್ಲೇ ನಿಂತು.

"ಫಲಕ ನೋಡಿದೆ." ಅವನು ತಲೆ ಎತ್ತಲಿಲ್ಲ. "ಕಾರ್ಯದರ್ಶಿ ಇವತ್ತೇ ಹೊರಡಿ ಅಂದ್ರು. ಸರಿಯಾಗೇ ಹೇಳಿದ್ರು. ತಪ್ಪು ನಂದೇ."

"ಹೌದು. ನಿಮ್ಮದೇ. ಅದನ್ನ ನಾನು ಅಷ್ಟು ಸುಲಭಕ್ಕೆ ಮರೆಯಲ್ಲ, ಹೇಳಿರ್ತೀನಿ." ಒಳಗೆ ಬಂದಳು. "ನಾನೂ ತಪ್ಪು ಮಾಡಿದೆ. ಬಾಯಿಗೆ ಬಂದಿದ್ದು ಅಂದೆ. ಕ್ಷಮಿಸಿ."

"ಅನುಮಾನ ಪಟ್ಟಿದ್ದು ಸರಿಯಾಗೇ ಇತ್ತಲ್ಲ. ಅರ್ಧ ನಿಜಾನೇ."

"ಇನ್ನೊಂದು ಅನುಮಾನ ಇದೆ," ಎಂದಳು. "ನಿಮಗೆ... ನಾನು ಅಂದ್ರೆ ಇಷ್ಟಾನಾ?"

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದ.

"ತುಂಬಾ."

"ಸರಿ."

"ಸರಿ ಅಂದ್ರೆ? ಯಾವಾಗಿಂದ, ಯಾಕೆ, ಸಾಕ್ಷಿ ಏನು... ಏನೂ ಕೇಳಲ್ವಾ?"

"ಇಲ್ಲ. ನಂಬ್ದೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತೆ... ನಿಮಗೆ?"

"ಎಂಟು ತಿಂಗಳಿಂದ," ಎಂದಳು ಅವಳು. ಕೆನ್ನೆ ಕೆಂಪಾಗಿತ್ತು. "ಮೊನ್ನೆ ಒಂದು ದಿನ ಬಿಟ್ಟು."

ಪೆಟ್ಟಿಗೆ ಭಾರವಾಗಿತ್ತು. ಅವನು ಒಂದು ಹಿಡಿ ಹಿಡಿದ. ಅವಳು ಇನ್ನೊಂದು ಹಿಡಿಗೆ ಕೈ ಹಾಕಿದಳು.

"ಬೇಡ, ಭಾರ ಇದೆ. ಎಲ್ಲಿಗೆ ಹೋಗ್ತಿದೀನಿ ಅಂತಲೂ ನಿಮಗೆ ಗೊತ್ತಿಲ್ಲ."

"ಕೇಳಿದ್ನಾ?" ಎಂದಳು ಅವಳು. "ನಡೀರಿ."