ಒಂಬತ್ತು ಗಿಂಡಿ ಮಳೆ

ಬಿಸಿನೀರಿನ ಬುಗ್ಗೆಗಳು ಬೀದಿ ಬದಿಯಲ್ಲೇ ಉಕ್ಕುವ ಊರೊಂದಿತ್ತಂತೆ. ಆ ನೀರನ್ನು ಹೀರಲು ಪಿಂಗಾಣಿಯ ಗಿಂಡಿ ಮಾರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಒಂದು ಮಾತು ಕೊಟ್ಟಳಂತೆ. ಊರು ಕಾರ್ಲೊವಿ ವಾರಿ, ಹುಡುಗಿ ಒಟಿಲಿಯೆ. ಮಾತು ಕೊಟ್ಟದ್ದು ಮೇಲ್ಮಹಡಿಯ ಬೋಹುಶನಿಗೆ.

ಲಾಬೆ ನದಿಯ ಸರಕುದೋಣಿಗೆ ಕೆಲಸಕ್ಕೆ ಹೊರಟ ಬೆಳಿಗ್ಗೆ, ಅವನು ತನ್ನ ನೊಣ ಹಿಡಿಯುವ ಗಿಡದ ಕುಂಡವನ್ನು ಅವಳ ಕೈಗಿಟ್ಟ. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಗಿಡವನ್ನೇ ನೋಡಿದರು.

"ತಟ್ಟೇಲಿ ಒಂದು ಬೆರಳು ಮಳೆನೀರು ನಿಂತಿರ್ಲಿ. ಗೊಬ್ಬರ ಬೇಡ. ನಲ್ಲಿ ನೀರಂತೂ ಬೇಡವೇ ಬೇಡ."

"ರಾಜಕುಮಾರಿಗೂ ಇಷ್ಟು ನಖರಾ ಇರಲ್ಲಪ್ಪ!"

"ಸೆಪ್ಟೆಂಬರಿಗೆ ಬರ್ತೀನಿ. ಜೀವಂತವಾಗಿ ನನ್ನ ಕೈಗೆ ಕೊಡು. ಆಮೇಲೆ ನಿನ್ನ ಹತ್ರ ಒಂದು ಮಾತು ಕೇಳೋದಿದೆ."

"ಕೊಡ್ತೀನಿ, ಮಾತು ಕೊಟ್ಟೆ. ಕೇಳೋದನ್ನ ಈಗಲೇ ಕೇಳು."

"ಈಗ ಕೇಳಿದ್ರೆ ದೋಣಿ ಹತ್ತೋಕೆ ಮನಸ್ಸಾಗಲ್ಲ," ಎಂದು ಕಿವಿಯವರೆಗೂ ಕೆಂಪಾಗಿ ಅವನು ಮೆಟ್ಟಿಲಿಳಿದ.

ಜುಲೈ ಪೂರ್ತಿ ಒಂದು ಹನಿ ಬೀಳಲಿಲ್ಲ. ಅವನು ಮಳೆನೀರು ತುಂಬಿಸಿಟ್ಟಿದ್ದ ಕ್ಯಾನು ಬರಿದಾಯಿತು. ಬಾಯಿ ತೆರೆದಿದ್ದ ಎಲೆಗಳು ಸೊರಗಿದವು.

"ಊರೂರಿನ ಜನ ಬಂದು ನಮ್ಮ ಬುಗ್ಗೆ ನೀರು ಕುಡಿದು ಗುಣವಾಗ್ತಾರೆ. ನಿನ್ನ ಗಿಡ ಏನು ಅವರಿಗಿಂತ ಹೆಚ್ಚಾ? ಒಂದು ಗಿಂಡಿ ಹಾಕೇ," ಎಂದಳು ಅಜ್ಜಿ ಲುದ್ಮಿಲಾ.

ಬೋಹುಶ್ ಬೇಡವೆಂದದ್ದು ನಲ್ಲಿ ನೀರು. ಬುಗ್ಗೆಯ ಸುದ್ದಿಯೇ ಎತ್ತಿರಲಿಲ್ಲ. ಒಟಿಲಿಯೆ ಬುಗ್ಗೆಯ ಬಿಸಿನೀರನ್ನು ತಣ್ಣಗಾಗಿಸಿ, ಹಾಲೂಡಿಸುವಂತೆ ಐದು ದಿನ ಹಾಕಿದಳು. ಆರನೆಯ ದಿನ ಎಲೆಗಳು ಕಪ್ಪಾದವು. ತಟ್ಟೆಯ ಅಂಚಿಗೆ ಬಿಳಿ ಸುಣ್ಣ ಕಟ್ಟಿತ್ತು. ಬುಗ್ಗೆಯಲ್ಲಿ ನೆನೆಹಾಕಿದ ಕಾಗದದ ಗುಲಾಬಿಯನ್ನು ಕಲ್ಲಾಗಿಸುವ ಅದೇ ಸುಣ್ಣ. ಆ ಕಲ್ಲು ಗುಲಾಬಿಗಳನ್ನೂ ಅವಳೇ ಮಾರುತ್ತಿದ್ದಳು! ಅಳುತ್ತಲೇ ಬುಡದ ಮಣ್ಣು ಸರಿಸಿದಳು. ಗೆಡ್ಡೆ ಇನ್ನೂ ಬೆಳ್ಳುಳ್ಳಿ ಎಸಳಿನಂತೆ ಬೆಳ್ಳಗೆ, ಗಟ್ಟಿಯಾಗಿತ್ತು.

ಅಂಚು ಮುಕ್ಕಾದ ಒಂಬತ್ತು ಗಿಂಡಿಗಳನ್ನು ಕಿಟಕಿಯಾಚೆ ಸಾಲಾಗಿಟ್ಟು ಕಾದಳು. ಮೋಡಕ್ಕೋ, ಮೆಟ್ಟಿಲ ಸದ್ದಿಗೋ, ಅವಳಿಗೇ ತಿಳಿಯದು.

ಆಗಸ್ಟಿನಲ್ಲಿ ಮಳೆ ಬಂತು. ಕುಂಡವನ್ನು ತಟ್ಟೆಯಿಂದೆತ್ತಿ, ಮೇಲಿನಿಂದ ಒಂದೊಂದೇ ಗಿಂಡಿ ಸುರಿದಳು. ತಳದ ತೂತಿನಿಂದ ಇಳಿದ ನೀರನ್ನು ನಾಲಗೆಗೆ ಮುಟ್ಟಿಸಿದಳು. ಉಪ್ಪು. ಮತ್ತೆ ಸುರಿದಳು. ಪ್ರತಿ ಮಳೆಗೂ ಸುರಿದಳು. ಕೊನೆಗೊಂದು ಸಂಜೆ ಇಳಿದ ನೀರಿಗೆ ಮಳೆಯ ರುಚಿಯಷ್ಟೇ ಇತ್ತು.

ಸೆಪ್ಟೆಂಬರಿನಲ್ಲಿ ಬಾಗಿಲು ತಟ್ಟಿದವನು ಬಿಸಿಲಿಗೆ ಕಂದಿದ್ದ.

"ಎಲ್ಲಿ ನನ್ನ ರಾಜಕುಮಾರಿ?"

"ಮೊದಲು ಬೈದುಬಿಡು. ಬುಗ್ಗೆ ನೀರು ಹಾಕಿಬಿಟ್ಟೆ ಕಣೋ."

ಅವನು ಬೈಯಲಿಲ್ಲ. ಕಿಟಕಿಯತ್ತ ನೋಡಿದ. "ಆ ಗಿಂಡಿಗಳು?"

"ಮಳೆ ಹಿಡಿಯೋಕೆ."

"ನನಗೋಸ್ಕರಾನಾ?"

"ಗಿಡಕ್ಕೆ!" ಎಂದಳು. ಆಮೇಲೆ ಮೆಲ್ಲಗೆ, "ಸ್ವಲ್ಪ ನಿನಗೂ."

ಕುಂಡ ತಂದಳು. ಕಪ್ಪು ಮೋಟುಗಳ ನಡುವೆ ಬೇಳೆಯಷ್ಟೇ ಒಂದು ಹೊಸ ಎಲೆ, ಬಾಯಿ ತೆರೆದು ನಿಂತಿತ್ತು.

ಬೋಹುಶ್ ಆ ಎಲೆಯತ್ತ ಬಾಗಿದ. "ಒಟಿಲಿಯೆ, ನಾನು ಕೇಳ್ಬೇಕಿದ್ದ ಮಾತು..."

"ಹೂಂ," ಎಂದಳು ಅವಳು. "ಅದಕ್ಕೆ ಉತ್ತರ ಹೂಂ. ಈಗ ಕೈ ಚಾಚು, ಮಾತು ಕೊಟ್ಟಿದೀನಿ."

ಕುಂಡ ಅವನ ಕೈ ಸೇರಿತು. ಅವಳ ಕೈಗಳೂ ಅಲ್ಲೇ ಉಳಿದವು.